ಎರೆ ನೆಲಕ್ಕೆ ಟೆಂಡರ್ ಓದಲು ಬರುವುದಿಲ್ಲ

ಭಾಲ್ಕಿ ತಾಲ್ಲೂಕಿನ ಭಾತಂಬ್ರಾದ ಯಾವ ರೈತನನ್ನಾದರೂ ಕೇಳಿ. 'ಎರಿ ಭೂಮಿ ಅದರೀ. ಬ್ಯಾಸಗ್ಯಾಗ ಬಾಯಿ ಬಿಡ್ತದ, ಮಳಿ ಬಿದ್ರ ಉಬ್ಬತದ' ಅಂತಾನೆ. ಪುಕ್ಕಟೆ ಹೇಳುತ್ತಾನೆ. ಕನ್ಸಲ್ಟೆಂಟ್ ಫೀಸು ಕೇಳುವುದಿಲ್ಲ.

ಅಂಥದೇ ನೆಲದಲ್ಲಿ ಸರ್ಕಾರಿ ಕಟ್ಟಡಕ್ಕೆ ಪಾಯ ತೋಡುವ ದಿನ ಸಾಹೇಬರು ಬೆಚ್ಚಿಬೀಳುತ್ತಾರೆ. 'ಅನಿರೀಕ್ಷಿತ ಮಣ್ಣು' ಸಿಕ್ಕಿತಂತೆ. ಭಾಲ್ಕಿ ತಾಲ್ಲೂಕಿನಲ್ಲಿ ಕರಿಮಣ್ಣು ಅನಿರೀಕ್ಷಿತ! ಇವರು ನಿರೀಕ್ಷಿಸಿದ್ದೇನು, ಮಲ್ಪೆಯ ಮರಳನ್ನೇ?

ಬೀದರ್ ಸೀಮೆಯ ನೆಲ ಯಾರಿಂದಲೂ ಏನನ್ನೂ ಮುಚ್ಚಿಟ್ಟಿಲ್ಲ. ಎತ್ತರದಲ್ಲಿ ಕೆಂಪು ಜಂಬಿಟ್ಟಿಗೆ, ಅದರಡಿ ಬಸಾಲ್ಟ್ ಬಂಡೆ, ತಗ್ಗಿನಲ್ಲಿ ಎರೆ. 15ನೇ ಶತಮಾನದ ಬಹಮನಿ ಕಾಲದವರು ಜಂಬಿಟ್ಟಿಗೆ ಮುಗಿದು ಬಸಾಲ್ಟ್ ಶುರುವಾಗುವ ಪದರವನ್ನೇ ಹಿಡಿದು ನೌಬಾದಿನ ಕರೇಜ್, ಅಂದರೆ ಸುರಂಗ ಬಾವಿ, ಕೊರೆದರು. ಅವರ ಬಳಿ ಬೋರಿಂಗ್ ಮಷಿನ್ ಇರಲಿಲ್ಲ. ತಲೆ ಇತ್ತು.

ಈಗ ಮಷಿನ್ ಇದೆ. ನಿಯಮವೂ ಇದೆ. ಸುಮಾರು 0.4 ಹೆಕ್ಟೇರ್ ಜಾಗಕ್ಕೆ ಮೂಲೆಗೊಂದು, ನಡುವೆ ಒಂದು ಪರೀಕ್ಷಾ ಗುಂಡಿ ಸಾಕು ಎನ್ನುತ್ತದೆ ನೆಲ ಪರೀಕ್ಷೆಯ ಭಾರತೀಯ ಮಾನಕ ಐಎಸ್ 1892ರ 1979ರ ಆವೃತ್ತಿ. ಸಣ್ಣ ಕಟ್ಟಡಕ್ಕೆ ನಡುವಿನದೊಂದೇ ಸಾಕು. ಒಂದೇ ಒಂದು ಗುಂಡಿ! ಅದಕ್ಕೆ ಅನುದಾನವಿಲ್ಲ. ಶಾಮಿಯಾನಕ್ಕಿದೆ, ಹಾರ-ತುರಾಯಿಗಿದೆ, ಹೆಸರು ಕೆತ್ತಿದ ಕಲ್ಲಿಗಿದೆ. ನೆಲಕ್ಕೆ ಮೊದಲ ಗುದ್ದಲಿ ಬೀಳುವುದೇ ಪೂಜೆಯ ದಿನ. ಅದೂ ಮೂರು ಇಂಚು, ಫೋಟೊ ತೆಗೆಯುವಷ್ಟು.

ಟೆಂಡರ್ ಮಾತ್ರ ಬಲು ಜಾಣ. 'ಸ್ಥಳ ಖುದ್ದಾಗಿ ನೋಡಿದ್ದೇನೆ, ನೆಲದ ಸ್ಥಿತಿ ಅರಿತಿದ್ದೇನೆ, ಮುಂದೆ ತಕರಾರು ಮಾಡುವುದಿಲ್ಲ' ಎಂಬ ಅರ್ಥದ ಷರತ್ತಿಗೆ ಗುತ್ತಿಗೆದಾರನ ರುಜು ಬೀಳುತ್ತದೆ. ನೆಲ ಸರ್ಕಾರದ್ದು, ನಕ್ಷೆ ಸರ್ಕಾರದ್ದು, ಅಜ್ಞಾನವೂ ಸರ್ಕಾರದ್ದೇ. ಹೊಣೆ ಮಾತ್ರ ಗುತ್ತಿಗೆದಾರನದು.

ಅವನೇನು ಪಾಪದವನಲ್ಲ. ಸರ್ಕಾರಿ ದರಪಟ್ಟಿಗಿಂತ (ಎಸ್.ಆರ್.) ಕೆಳಗಿಳಿದು ಕೆಲಸ ಹಿಡಿಯುತ್ತಾನೆ. ಬಿಟ್ಟ ದುಡ್ಡನ್ನು ನೆಲದಿಂದಲೇ ಎತ್ತುತ್ತಾನೆ. ಅಹಲ್ಯೆ ಕಲ್ಲಾಗಲು ಋಷಿಯ ಶಾಪ ಬೇಕಾಯಿತು. ಮೆತ್ತನೆಯ ಮುರುಮು ಹೆಚ್ಚು ದರದ ಗಟ್ಟಿ ಬಂಡೆಯಾಗಲು ಅಳತೆ ಪುಸ್ತಕದ (ಎಂ.ಬಿ.) ಒಂದು ಸಾಲು ಸಾಕು.

ಅಪ್ಪಿತಪ್ಪಿ ಪ್ರಾಮಾಣಿಕನೊಬ್ಬ ಬಂದ ಎನ್ನಿ. ಎರೆಯ ಆಟ ನಡೆಯುವ ಪದರ ದಾಟಿ, ಸುಮಾರು ಮೂರೂವರೆ ಮೀಟರ್ ಆಳಕ್ಕೆ, ಬುಡ ಅಗಲವಾದ ಅಂಡರ್‌ರೀಮ್ಡ್ ಪೈಲ್ ಇಳಿಸಬೇಕೆಂದು ಅವನಿಗೂ ಗೊತ್ತು. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಅದನ್ನು ಬಳಕೆಗೆ ತಂದು ದಶಕಗಳೇ ಕಳೆದಿವೆ. ಆದರೆ ಎಸ್ಟಿಮೇಟಿನಲ್ಲಿರುವುದು ಐದಡಿ ಪಾಯ. ಹೆಚ್ಚಿಗೆ ಕೇಳಿದರೆ 'ರುಜು ನಿನ್ನದೇ ತಾನೆ?' ಎಂಬ ಉತ್ತರ. ಅವನೂ ಐದಡಿಗೆ ಕೈತೊಳೆದುಕೊಳ್ಳುತ್ತಾನೆ.

ಹೊರಗಿನವರು ಈ ಹೊಣೆಯ ತಕರಾರನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಸಲಹಾ ಎಂಜಿನಿಯರುಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ ಸಂಸ್ಥೆಯ 1999ರ ಮಾದರಿ ಗುತ್ತಿಗೆ ಕರಾರು, ಅಂದರೆ 'ಕೆಂಪು ಪುಸ್ತಕ'ದ ಕಲಂ 4.12 ನೋಡಿ. ಅನುಭವಿ ಗುತ್ತಿಗೆದಾರನೂ ಊಹಿಸಲಾಗದ ನೆಲ ಎದುರಾದರೆ ಅವನು ಕೂಡಲೇ ನೋಟಿಸ್ ಕೊಡಬೇಕು. ತಗಲುವ ಸಮಯ, ಖರ್ಚು ಮಾಲೀಕ ಕೊಡಬೇಕು. ಊಹಿಸಬಹುದಾದದ್ದಾಗಿದ್ದರೆ ಗುತ್ತಿಗೆದಾರನೇ ನುಂಗಿಕೊಳ್ಳಬೇಕು. ಆದರೆ ಈ ಲೆಕ್ಕ ನಡೆಯಲು ಮಣ್ಣಿನ ಪರೀಕ್ಷೆಯ ವರದಿ ಮೊದಲೇ ಮೇಜಿನ ಮೇಲಿರಬೇಕು. ವರದಿ ಇದ್ದರೆ ಸುಳ್ಳು ಬಂಡೆಯ ಬಿಲ್ ಪಾಸಾಗದು. ನಿಜವಾದ ಎರೆಗೆ ದುಡ್ಡು ತಪ್ಪದು. ಎರಡೂ ಕಡೆಯವರಿಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೇನಿದೆ?

ಹೀಗಾಗಿ ನಮ್ಮಲ್ಲಿ ವರದಿ ಇಲ್ಲ, ಹೊಣೆ ಕೊನೆಗೆ ಗೋಡೆಯ ಮೇಲೆ. ಎರಡು ಮಳೆಗಾಲ ಕಳೆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಪುಟ್ಟಿ ಬಳಿದು ಬಣ್ಣ ಹೊಡೆಯುತ್ತಾರೆ. ಅದಕ್ಕೂ ಟೆಂಡರ್ ಕರೆಯುತ್ತಾರೆ.

ಒಂದೇ ಒಂದು ಷರತ್ತು ಹೆಚ್ಚಿಗೆ ಸೇರಿಸಿ: ಎಸ್ಟಿಮೇಟಿಗೆ ಸಹಿ ಹಾಕಿದವರು ಐದು ವರ್ಷ ಅದೇ ಕಟ್ಟಡದಲ್ಲಿ ಬಿರುಕಿನ ಕೆಳಗೆ ಕುರ್ಚಿ ಹಾಕಿಕೊಂಡು ಕಚೇರಿ ನಡೆಸತಕ್ಕದ್ದು. ಮರುದಿನ ಬೆಳಿಗ್ಗೆಯೇ ನಾಲ್ಕು ಮೂಲೆಗೂ ಗುಂಡಿಗಳು ಬೀಳುತ್ತವೆ. ನಡುವಿನದ್ದನ್ನು ಸಾಹೇಬರೇ ತೋಡುತ್ತಾರೆ.