ಸತ್ತ ಎಮ್ಮೆಯ ಹಾಲು

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುವ ಗಾದೆ ನಮ್ಮದು. ಆ ಹಾಲನ್ನು ಬಾಟಲಿಗೆ ತುಂಬಿ, ನಂಬರು ಹಾಕಿ ಮಾರಿದ ಜಾಣರು ಮಾತ್ರ ಸ್ಕಾಟ್ಲೆಂಡಿನವರು.

ಅಲ್ಲಿನ ಐಲಾ ದ್ವೀಪದ ಪೋರ್ಟ್ ಎಲೆನ್ ವಿಸ್ಕಿ ಭಟ್ಟಿ ಹುಟ್ಟಿದ್ದು 1825ರಲ್ಲಿ. ಬದುಕಿದ್ದಾಗ ಅದನ್ನು ಹೆಸರು ಹಿಡಿದು ಕೇಳಿದವರು ಕಡಿಮೆ. ಸರಕು ಬಹುಪಾಲು ಬ್ಲೆಂಡ್ ವಿಸ್ಕಿಗೆ ಹೋಗಿ, ಸಾರಿನೊಳಗಿನ ಇಂಗಿನ ಹಾಗೆ ಕರಗುತ್ತಿತ್ತು. 1970ರ ದಶಕದಲ್ಲಿ ಸ್ಕಾಟ್ಲೆಂಡಿನವರು ಲೆಕ್ಕ ತಪ್ಪಿ ಕಾಯಿಸಿದರು. ಕೇಳುವವರು ಕಡಿಮೆಯಾಗಿ ಗೋದಾಮುಗಳು ತುಂಬಿದವು. 'ವಿಸ್ಕಿ ಕೆರೆ' ಎಂದೇ ಹೆಸರು ಬಿತ್ತು. ಡಿಸ್ಟಿಲ್ಲರ್ಸ್ ಕಂಪನಿಗೆ ಆ ದ್ವೀಪದಲ್ಲಿ ಮೂರು ಭಟ್ಟಿ. ಎರಡನ್ನು ಉಳಿಸಿಕೊಂಡು, 1983ರಲ್ಲಿ ಪೋರ್ಟ್ ಎಲೆನ್‌ಗೆ ಬೀಗ ಜಡಿಯಿತು. ತಾಮ್ರದ ಹಂಡೆಗಳು ಹೋದವು, ಕಟ್ಟಡವೂ ಬಹುಪಾಲು ನೆಲಸಮ.

ಅಲ್ಲಿಂದ ಶುರುವಾಯಿತು ನೋಡಿ ಅದರ ಯೋಗ! ಇನ್ನು ಹುಟ್ಟುವುದಿಲ್ಲ ಅನ್ನುವುದೇ ಒಂದು ರುಚಿಯಾಯಿತು. 2001ರಿಂದ ಭಟ್ಟಿಯ ಹೊಸ ಒಡೆಯ ಡಿಯಾಜಿಯೋ ಕಂಪನಿ, ಗೋದಾಮಿನಲ್ಲಿ ಉಳಿದಿದ್ದ ಹಳೇ ಸರಕಿನಿಂದ, ತಿಥಿ ಮಾಡಿದ ಹಾಗೆ ವರ್ಷಕ್ಕೊಂದು ಕಂತು ಬಾಟಲಿ ಹೊರಬಿಟ್ಟಿತು. ಬದುಕಿದ್ದಾಗ ಕೇಳದವರೆಲ್ಲ ತಿಥಿಗೆ ಸಾಲು ನಿಂತರು. 2017ರಲ್ಲಿ ಕಂಪನಿಗೆ ಹೊಸ ಜ್ಞಾನೋದಯ: 3.5 ಕೋಟಿ ಪೌಂಡ್ ಸುರಿದು ಪೋರ್ಟ್ ಎಲೆನ್ನನ್ನೂ, ಅದರ ಜೊತೆಗೇ ಮುಚ್ಚಿದ್ದ ಬ್ರೋರಾ ಭಟ್ಟಿಯನ್ನೂ ಎಬ್ಬಿಸುತ್ತೇವೆ ಎಂದಿತು. 2024ರ ಮಾರ್ಚಿನಲ್ಲಿ ಪೋರ್ಟ್ ಎಲೆನ್ ಮತ್ತೆ ತೆರೆಯಿತು. ಸತ್ತದ್ದಕ್ಕೂ ದುಡ್ಡು, ಎದ್ದದ್ದಕ್ಕೂ ದುಡ್ಡು.

ಅದೇ ದ್ವೀಪದ ಆರ್ಡ್‌ಬೆಗ್ ಕಥೆ ಇನ್ನೂ ಚೆಂದ. ಅದೂ ಮುಚ್ಚಿ ತೆರೆದು ಮುಚ್ಚಿದ್ದ ಭಟ್ಟಿಯೇ. 1997ರಲ್ಲಿ ಗೋದಾಮಿನ ಸರಕಿನ ಸಮೇತ ಇಡೀ ಭಟ್ಟಿ 70 ಲಕ್ಷ ಪೌಂಡಿಗೆ ಮಾರಾಟವಾಯಿತು. 2022ರಲ್ಲಿ ಅದೇ ಭಟ್ಟಿಯ 1975ರ ಒಂದೇ ಒಂದು ಪೀಪಾಯಿ 1.6 ಕೋಟಿ ಪೌಂಡಿಗೆ ಹೋಯಿತು. ಕೊಂಡವರಿಗೆ ವರ್ಷಕ್ಕೆ 88 ಬಾಟಲಿಯಂತೆ ಐದು ವರ್ಷ. ಭಾಗಿಸಿದೆ, ಬಾಟಲಿಗೆ 36,000 ಪೌಂಡಿನ ಮೇಲಾಯಿತು. ಆ ಬೆಲೆಯ ಬಾಟಲಿಯ ಮುಚ್ಚಳ ತೆಗೆಯಲು ಯಾರಿಗೆ ಕೈ ಬಂದೀತು?

ಇಂಥ ಸುದ್ದಿ ಬಂದ ಮೇಲೆ ಪೀಪಾಯಿ ಮಾರುವವರ ಬಾಯಿಗೆ ಬಿಡುವಿಲ್ಲ. "ಚಿನ್ನಕ್ಕಿಂತ ಭದ್ರ ಸಾರ್, ಇಟ್ಟಷ್ಟೂ ಬೆಳೆಯುತ್ತದೆ!" ಬೆಳೆಯುತ್ತದೋ ಇಲ್ಲವೋ, ಆರುವುದಂತೂ ಆರುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆ, ಅದು ದೇವತೆಗಳ ಪಾಲಂತೆ. (ಅಮೃತ್ ವಿಸ್ಕಿಯ ಬೆಂಗಳೂರಿನಲ್ಲಿ ಶೇ. 10ರ ಮೇಲೆ. ನಮ್ಮ ದೇವತೆಗಳಿಗೆ ದಾಹ ಜಾಸ್ತಿ.) ಕಾದು ಕಾದು ಮದ್ಯಸಾರ ಶೇ. 40ಕ್ಕಿಂತ ಇಳಿಯಿತೋ, ಕಾನೂನಿನ ಪ್ರಕಾರ ಅದು ಸ್ಕಾಚೇ ಅಲ್ಲ. ಹಾಗಂತ ಪೀಪಾಯಿಯನ್ನು ಮನೆಗೆ ತಂದು ಅಟ್ಟದ ಮೇಲೆ ಇಟ್ಟುಕೊಳ್ಳೋಣ ಎಂದರೆ ಅದೂ ಆಗದು. ಮಾಗುವುದೆಲ್ಲ ಸ್ಕಾಟ್ಲೆಂಡಿನ ಸುಂಕದ ಗೋದಾಮಿನಲ್ಲೇ ಆಗಬೇಕು. ಮಾಲು ಅಲ್ಲಿ, ಕಾಗದ ಇಲ್ಲಿ. ಒಂದೇ ಪೀಪಾಯಿಯನ್ನು ಹಲವರಿಗೆ ಮಾರಿದ ಸಂಗತಿಯನ್ನು 2025ರಲ್ಲಿ ಬಿಬಿಸಿ ಬಯಲಿಗೆಳೆಯಿತು. ದ್ರೌಪದಿಗಾದರೂ ಐವರು ಗಂಡಂದಿರು ಯಾರು ಯಾರೆಂದು ಗೊತ್ತಿತ್ತು.

ಇದೇನೂ ಹೊಸ ವಿದ್ಯೆಯಲ್ಲ. 19ನೇ ಶತಮಾನದ ಕೊನೆಗೆ ಲೀತ್ ಪಟ್ಟಣದ ಪ್ಯಾಟಿಸನ್ ಸಹೋದರರು "ಪ್ಯಾಟಿಸನ್ ವಿಸ್ಕಿ ಕೊಳ್ಳಿ" ಎಂದು ಕೂಗಲು 500 ಗಿಳಿಗಳಿಗೆ ಕಲಿಸಿ ಅಂಗಡಿಗಳಿಗೆ ಹಂಚಿದ್ದರು ಎಂಬ ಮಾತಿದೆ. 1898ರಲ್ಲಿ ಕಂಪನಿ ಮುಳುಗಿತು, 1901ರಲ್ಲಿ ಇಬ್ಬರೂ ವಂಚನೆಗಾಗಿ ಜೈಲು ಸೇರಿದರು. ಗಿಳಿಗಳು ಈಗ ಟೈ ಕಟ್ಟಿಕೊಂಡು ಫೋನ್ ಮಾಡುತ್ತವೆ.

ಆದರೂ ಪೀಪಾಯಿ ಕೊಳ್ಳಲೇಬೇಕು ಅನ್ನಿಸಿದರೆ, ಮಾರುವವರು ಕೊಟ್ಟ ಬಣ್ಣದ ಪ್ರಮಾಣಪತ್ರಕ್ಕೆ ಫ್ರೇಮು ಹಾಕಿಸಬೇಡಿ. ದುಡ್ಡು ಕೊಡುವ ಮೊದಲು ಆ ಗೋದಾಮಿಗೇ ನೇರವಾಗಿ ಬರೆದು, ಪೀಪಾಯಿಯ ನಂಬರು ಹೇಳಿ, ಅವರ ಪುಸ್ತಕದಲ್ಲಿ ಅದು ಯಾರ ಹೆಸರಿನಲ್ಲಿದೆ, ಒಳಗೆ ಎಷ್ಟು ಲೀಟರ್ ಉಳಿದಿದೆ ಎಂದು ಕೇಳಿ.