ಎಚ್ಚರಪ್ಪನವರು

ಪ್ರತಿ ಬಡಾವಣೆಗೂ ಒಬ್ಬ ಎಚ್ಚರಪ್ಪನವರು ಇರುತ್ತಾರೆ. ನಿವೃತ್ತ ಅಧಿಕಾರಿ. ಬೆಳಗಿನ ಕಾಫಿ ಆರುವಷ್ಟರಲ್ಲಿ ವಾಟ್ಸಾಪ್ ಗುಂಪಿಗೆ ಮೂರು ಎಚ್ಚರಿಕೆ ಕಳಿಸಿಯಾಗಿರುತ್ತದೆ: ಲಿಂಕ್ ಒತ್ತಬೇಡಿ, ಓಟಿಪಿ ಹೇಳಬೇಡಿ, ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಿಲ್ಲ. ಮೂರೂ ನಿಜ. ಯಾರಾದರೂ ದುಡ್ಡು ಕಳೆದುಕೊಂಡ ಸುದ್ದಿ ಬಂದರೆ ‘ಓದಿದವರಿಗೆ ಇಷ್ಟೂ ಬುದ್ಧಿ ಬೇಡವೇ’ ಎಂದು ಕನ್ನಡಕ ಒರೆಸಿಕೊಳ್ಳುತ್ತಾರೆ. ಅವರ ಎಟಿಎಂ ಪಿನ್ ಪಾಸ್‌ಬುಕ್ಕಿನ ಹಿಂಬದಿಯಲ್ಲಿ ತಿರುಗಾಮುರುಗಾ ಬರೆದಿದೆ ಎಂಬುದು ಬೇರೆ ಮಾತು. ನನ್ನ ತಕರಾರು ಅದಲ್ಲ. ಬಡಾವಣೆಯಲ್ಲಿ ಮೊದಲು ಬೀಳುವವರು ಇವರೇ ಆಗಬಹುದು, ಅದೂ ದಡ್ಡತನದಿಂದಲ್ಲ, ಶಿಸ್ತಿನಿಂದ ಎಂಬುದು ನನ್ನ ವಾದ.

ಡಿಜಿಟಲ್ ಅರೆಸ್ಟನ್ನೇ ನೋಡಿ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಕೊರಿಯರ್ ಕಂಪನಿಯ ಹೆಸರಲ್ಲಿ ಕರೆ ಬರುತ್ತದೆ. ಅದು ‘ಮುಂಬೈ ಪೊಲೀಸ’ರಿಗೆ, ಅಲ್ಲಿಂದ ‘ಸಿಬಿಐ’ಗೆ ದಾಟುತ್ತದೆ. ವಿಡಿಯೊದಲ್ಲಿ ಖಾಕಿ, ಹಿಂದೆ ಲಾಂಛನ, ಮೇಜಿನ ಮೇಲೆ ಫೈಲು. ಈ ನಾಟಕ ಹೊಸೆದವನು ಕಂಪ್ಯೂಟರಿಗಿಂತ ಕಚೇರಿಯನ್ನು ಚೆನ್ನಾಗಿ ಬಲ್ಲವನು. ಮೂವತ್ತೈದು ವರ್ಷ ಮೇಲಿನವರ ಫೋನಿಗೆ ಎದ್ದು ನಿಂತು ಉತ್ತರಿಸಿದ ಎಚ್ಚರಪ್ಪನವರು, ಕೇಸ್ ನಂಬರ್ ಹೇಳಿದೊಡನೆ ಬರೆದುಕೊಳ್ಳಲು ಪೆನ್ನು ಹುಡುಕುತ್ತಾರೆ. ಕ್ಯಾಮೆರಾ ಆರಿಸಬೇಡಿ ಎಂದರೆ ಆರಿಸುವುದಿಲ್ಲ. ಬಚ್ಚಲಿಗೆ ಹೋಗಲೂ ಅನುಮತಿ ಕೇಳುತ್ತಾರೆ, ಹೇಳಿದರೆ ರಜಾಚೀಟಿ ಬರೆಯಲೂ ತಯಾರು. ‘ಪರಿಶೀಲನೆಗೆ ಹಣ ಈ ಖಾತೆಗೆ ಹಾಕಿ, ತಪ್ಪಿಲ್ಲದಿದ್ದರೆ ವಾಪಸು’ ಎಂದರೆ, ಅದು ಠೇವಣಿ ಕಟ್ಟಿ ಪಳಗಿದ ಕೈ. ವಿಡಿಯೊ ಕರೆಯಲ್ಲಿ ಬಂಧಿಸುವ ಕಾನೂನು ನಮ್ಮಲ್ಲಿಲ್ಲ. 2024ರ ಅಕ್ಟೋಬರಿನ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದ್ದರು. ಎಚ್ಚರಪ್ಪನವರು ಅದನ್ನೂ ಫಾರ್ವರ್ಡ್ ಮಾಡಿದ್ದರು.

ತಿಳಿವಳಿಕೆ ಇದ್ದವರು ಹೀಗೆ ಬೀಳುವುದುಂಟೇ ಎಂದು ಕೇಳಬಹುದು. ಅದೇ ವರ್ಷ ಲೂಧಿಯಾನದ ಪದ್ಮಭೂಷಣ ಪುರಸ್ಕೃತ ಜವಳಿ ಉದ್ಯಮಿಯೊಬ್ಬರಿಂದ 7 ಕೋಟಿ ರೂಪಾಯಿ ಕಿತ್ತವರು, ಪರದೆಯ ಮೇಲೆ ಸುಪ್ರೀಂ ಕೋರ್ಟಿನ ನಕಲಿ ಕಲಾಪವನ್ನೇ ನಡೆಸಿದ್ದರು. ಅಷ್ಟು ದೊಡ್ಡ ಕಾರ್ಖಾನೆ ನಡೆಸಿದ ಬುದ್ಧಿಯನ್ನು ಕಡಿಮೆ ಎನ್ನಲಾದೀತೇ? ಇನ್ನು ಇದು ಮುದುಕರ ಕಾಯಿಲೆ ಎಂದು ನಗುವ ಮಗರಾಯ ‘ವಿಡಿಯೊ ಲೈಕ್ ಮಾಡಿ, ದುಡ್ಡು ಗಳಿಸಿ’ ಎಂಬ ಪಾರ್ಟ್‌ಟೈಮ್ ಕೆಲಸಕ್ಕೆ, ಟೆಲಿಗ್ರಾಂ ಗುಂಪಿನ ಷೇರು ಟಿಪ್ಸ್‌ಗೆ ಬೀಳುತ್ತಾನೆ. ಅಪ್ಪನಿಗೆ ಖಾಕಿ ತೋರಿಸಿದವರು ಮಗನಿಗೆ ಲಾಭದ ಸ್ಕ್ರೀನ್‌ಶಾಟ್ ತೋರಿಸುತ್ತಾರೆ, ಅಷ್ಟೆ.

ಹಾಗಾದರೆ ಆ ಎಚ್ಚರಿಕೆಗಳೆಲ್ಲ ವ್ಯರ್ಥವೇ? ಅಲ್ಲ, ಆದರೆ ಮೋಸಹೋದವರೆಲ್ಲ ದಡ್ಡರು ಎಂದು ಗುಂಪಿನಲ್ಲಿ ತೀರ್ಪು ಕೊಟ್ಟವರಿಗೆ, ತಾವೇ ಬಿದ್ದಾಗ ಬಾಯಿ ಬಿಡಲಾಗದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದರೆ ಹಣ ತಡೆಹಿಡಿಯುವ ಅವಕಾಶ ಉಂಟು. ತಡವಾದಷ್ಟೂ ಅದು ಬಾಡಿಗೆ ಖಾತೆಯಿಂದ ಖಾತೆಗೆ ಹಾರಿ ಚೂರುಚೂರಾಗುತ್ತದೆ. ಎಚ್ಚರಪ್ಪನವರು ಮೊದಲ ಎರಡು ದಿನ ಮರ್ಯಾದೆಯ ಲೆಕ್ಕ ಹಾಕುತ್ತಾರೆ. ‘ಯಾರಿಗೂ ಹೇಳಬೇಡಿ’ ಎಂಬುದು ವಂಚಕನ ಮೊದಲ ಷರತ್ತು; ಅದನ್ನು ಪಾಲಿಸಲು ಇವರಿಗಿಂತ ಯೋಗ್ಯರಿಲ್ಲ. ಆ ಷರತ್ತು ಮುರಿಯಬಲ್ಲವರು ಮನೆಯಲ್ಲಿ ಒಬ್ಬರೇ: ಮುಚ್ಚಿದ ಬಾಗಿಲು ಬಡಿದು ‘ಯಾರ್ರೀ ಅದು ಫೋನಲ್ಲಿ, ಸಾರು ಆರಿಹೋಯ್ತು’ ಎನ್ನಬಲ್ಲ ಹೆಂಡತಿ. ಆದರೆ ಆಫೀಸಿನ ಫೋನಿನಲ್ಲಿರುವಾಗ ಬಾಗಿಲು ತಟ್ಟಬಾರದೆಂದು ಮದುವೆಯಾದ ಹೊಸತರಲ್ಲೇ ಆಕೆಗೆ ಕಲಿಸಿಬಿಟ್ಟಿದ್ದಾರೆ.