ದಂತಸವೆತ ಮೀಮಾಂಸೆ: ಗ್ರಾಮಾಂತರ ಕಾಂಡ

ದೇಹದಲ್ಲಿ ಎನಾಮೆಲ್‌ಗಿಂತ ಗಟ್ಟಿಯಾದ ವಸ್ತುವಿಲ್ಲವೆಂದು ದಂತಶಾಸ್ತ್ರ ಸಾರುತ್ತದೆ, ತೂಕದಲ್ಲಿ ಶೇ. 96ರಷ್ಟು ಬರೀ ಖನಿಜ. ಆದರೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಿರಿಯರ ಹಲ್ಲು ಮೊಂಡಾಗುವುದೇಕೆ? ತಿಂದು ಸವೆಯಿತೆನ್ನುವಂತಿಲ್ಲ. ಇಲ್ಲಿಯ ಊಟ ರಾಗಿಮುದ್ದೆ. ಅದನ್ನು ಅಗಿದವನನ್ನು ಪಂಕ್ತಿಯೆಲ್ಲ ತಿರುಗಿ ನೋಡುತ್ತದೆ. ಬಸ್ಸಾರಿನಲ್ಲಿ ಹೊರಳಿಸಿ ನುಂಗಿದ ತುತ್ತಿಗೂ ದವಡೆಗೂ ಭೇಟಿಯೇ ಆಗದು. ಅಂದಮೇಲೆ ಆರೋಪಿ ಬೇರೆ ಇರಬೇಕು.

ಪೂರ್ವಪಕ್ಷದವರು ಇದ್ದಿಲು, ಇಟ್ಟಿಗೆ ಪುಡಿ, ಉಪ್ಪಿನತ್ತ ಬೆರಳು ತೋರುತ್ತಾರೆ. (ಉಜ್ಜುತ್ತಿದ್ದುದೂ ಅದೇ ಬೆರಳಿನಲ್ಲಿ.) ಒಪ್ಪತಕ್ಕದ್ದೇ. ಅಡ್ಡಡ್ಡ ಉಜ್ಜಿದರೆ ವಸಡಿನಂಚಿನಲ್ಲಿ ಹಲ್ಲಿಗೆ ಕೊಡಲಿಯೇಟಿನಂಥ ಕಚ್ಚು ಬೀಳುತ್ತದೆ, ತಣ್ಣೀರು ತಾಗಿದರೆ ಝುಮ್ಮೆನ್ನುತ್ತದೆ. ಬಿರುಸು ಬ್ರಷ್ ಹಿಡಿದ ಮೊಮ್ಮಕ್ಕಳು ಇದೇ ಕಚ್ಚನ್ನು ಕಾಸು ಕೊಟ್ಟು ಮಾಡಿಸಿಕೊಳ್ಳುತ್ತಿದ್ದಾರೆ.

ಹೊಸಕೋಟೆ ಪಂಥದ ವಾದ ಬೇರೆ. ನಸುಕಿನಲ್ಲೇ ದಮ್ ಬಿರಿಯಾನಿಗೆ ಸಾಲು ನಿಲ್ಲುವವರು ಹಲ್ಲುಜ್ಜಿ ಬಂದಿರುತ್ತಾರೋ, ಹೋಗಿ ಉಜ್ಜುತ್ತಾರೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮೇಲಿಷ್ಟು ಕೋಲಾ ಕುಡಿದಿದ್ದರೆ ತಕ್ಷಣ ಉಜ್ಜದಿರುವುದೇ ಮೇಲು. ಎನಾಮೆಲ್ ಕರಗಲು ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಸಾಕು, ಕೋಲಾದ್ದು 2.5ರ ಆಸುಪಾಸು. ಹುಳಿಗೆ ಮೆತ್ತಗಾದ ಹಲ್ಲನ್ನು ಅರ್ಧ ಗಂಟೆಯಾದರೂ ಸುಮ್ಮನೆ ಬಿಡಬೇಕು. ಸೋಮಾರಿತನಕ್ಕೆ ಶಾಸ್ತ್ರಾಧಾರ ಸಿಗುವುದು ಅಪರೂಪ, ಬರೆದಿಟ್ಟುಕೊಳ್ಳಿ.

ಇನ್ನು ಸಿದ್ಧಾಂತ. ಹಲ್ಲು ಸವೆಯಲು ಹಲ್ಲೇ ಸಾಕು. ನಿದ್ದೆಯಲ್ಲಿ ಹಲ್ಲು ಕಡಿಯುವುದಕ್ಕೆ ಮನಸ್ಸಿನ ಒತ್ತಡವೂ ಒಂದು ಕಾರಣವೆಂದು ವೈದ್ಯರು ಹೇಳುತ್ತಾರೆ. ಯಾವ ಒತ್ತಡವೆಂದು ಹೇಳುವುದಿಲ್ಲ. ಪಾಪ, ಅವರು ದೇವನಹಳ್ಳಿಯವರಲ್ಲ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಗುವ ಮೊದಲೇ ಜಮೀನು ಮಾರಿಕೊಂಡವರ ಜಗಲಿಯಲ್ಲಿ ಒಂದು ರಾತ್ರಿ ಮಲಗಿ ನೋಡಿ. ಮೇಲೆ ವಿಮಾನ ಹಾದಂತೆಲ್ಲ ಕೆಳಗೆ ಕಟಕಟ. ನಡುನಡುವೆ, "ಇನ್ನೆರಡು ವರ್ಸ ತಡೆದಿದ್ರೆ ಎಲ್ಲಿರ್ತಿದ್ನೋ ಕಣ್ಲಾ" ಎಂಬ ಕನವರಿಕೆ. ಮಾರದೆ ಉಳಿದವರದೂ ಕಟಕಟವೇ: ಈಗ ಕೊಡಲೋ, ಇನ್ನೂ ತಡೆಯಲೋ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಗೆ ಏನೂ ಕೇಳಿಸದ ಕಾರಣ ಅಲ್ಲಿಯ ಅಧ್ಯಯನ ಅಪೂರ್ಣ.

ಚಿಕಿತ್ಸೆ ಉಂಟು. ಸವೆದ ಎನಾಮೆಲ್ ಮತ್ತೆ ಹುಟ್ಟದಾದ್ದರಿಂದ, ಇದ್ದುದನ್ನು ಉಳಿಸಲು ರಾತ್ರಿ ನೈಟ್ ಗಾರ್ಡ್ ಹಾಕಿಕೊಳ್ಳಬೇಕು. ಅಡ್ಡಪರಿಣಾಮ ಒಂದೇ: ಗಾರ್ಡ್ ಬಾಯಲ್ಲಿದ್ದಾಗ ಬ್ರೋಕರ್ ಫೋನು ಬಂದರೆ "ಬೇಡ" ಎಂದದ್ದೂ ಅವನಿಗೆ "ಹ್ಞೂಂ" ಎಂದೇ ಕೇಳಿಸುತ್ತದೆ. ಬೆಳಿಗ್ಗೆ ಎದ್ದರೆ ಅಡ್ವಾನ್ಸ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ.